ಬೇಕಾದಷ್ಟು ಉಪ್ಪು

ನಮ್ಮೂರಿನಲ್ಲಿ ಬುಧವಾರ ಮಧ್ಯಾಹ್ನ ಯಾರೂ ಹೊರಗೆ ಬಟ್ಟೆ ಒಣಹಾಕುವುದಿಲ್ಲ. ಗುಡ್ಡದ ಕಡೆಯಿಂದ ಚೀಟಿಗಾಳಿ ಬೀಸುವುದು ಆಗಲೇ. ಹಸಿ ಬಟ್ಟೆಗೆ ಚೀಟಿ ಅಂಟಿಕೊಂಡರೆ ಅದು ಬಟ್ಟೆಯವರದೋ ಕಿತ್ತವರದೋ ಎಂಬ ಜಗಳ ಬಗೆಹರಿಯುವುದೇ ಇಲ್ಲ. ಹಿಂದೊಮ್ಮೆ ಒಂದು ಧೋತರದ ಸಲುವಾಗಿ ಎರಡು ಮನೆಯವರು ನಿಶ್ಚಯವಾಗಿದ್ದ ಮದುವೆಯನ್ನೇ ಮುರಿದುಕೊಂಡರು. ಆಮೇಲೆ ಎಲ್ಲರೂ ಬುಧವಾರ ಬೆಳಿಗ್ಗೆಯೇ ಹಗ್ಗ ಬಿಚ್ಚಿ ಸುತ್ತಿಡುವುದನ್ನು ರೂಢಿ ಮಾಡಿಕೊಂಡರು.

ಚೀಟಿಯೆಂದರೆ ಅಂಗೈಯಗಲದ ಕಾಗದ. ಒಂದರ ಮೇಲೆ ‘ತೊಗರಿಬೇಳೆ, ಅರ್ಧ ಬೆಲೆ’ ಎಂದಿರುತ್ತದೆ, ಇನ್ನೊಂದರ ಮೇಲೆ ‘ಮೈಸೋಪು, ಎರಡಕ್ಕೆ ಎರಡು ಬಿಟ್ಟಿ’ ಎಂದು. ಊರಿನ ಯಾವ ಅಂಗಡಿಗೆ ಒಯ್ದರೂ ನಡೆಯುತ್ತದೆ. ಅಂಗಡಿಯವರು ಒಪ್ಪಿದೆ ಎಂದು ಸಾಮಾನು ಕೊಟ್ಟ ಕೂಡಲೇ ಅಕ್ಷರ ಅಳಿಸಿಹೋಗಿ ಬರೀ ಬಿಳಿ ಕಾಗದ ಉಳಿಯುತ್ತದೆ. ಒಲ್ಲೆ ಎಂದರೆ ಆ ಅಂಗಡಿಯ ಶಟರ್ ಮರುದಿನದಿಂದ ಮೇಲೇಳುವುದಿಲ್ಲ, ಎಷ್ಟು ಜನ ಸೇರಿ ಎತ್ತಿದರೂ. ಚೀಟಿ ಬೇಡವೆಂದು ಗಾಳಿಗೆ ಬಿಟ್ಟರೆ ಬೇರೆ ಯಾರದೋ ಕೈಗೆ ಹೋಗಿ ಬೀಳುತ್ತದೆ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೂ ಮುಂದಿನ ಬುಧವಾರ ಹೇಗೋ ಸಂದಿ ಹುಡುಕಿ ಎದ್ದು ಹೋಗುತ್ತದೆ. ಹರಿದರಂತೂ ಒಂದಿದ್ದದ್ದು ಎರಡಾಗುತ್ತದೆ. ನಮಗೆ ಇದೆಲ್ಲ ಬಿಸಿಲು ಮಳೆಯಷ್ಟೇ ಸಹಜ.

ನನ್ನ ಕೈಗೆ ಮಾತ್ರ ಯಾವಾಗ ನೋಡಿದರೂ ಒಡೆದ ಹಿಮ್ಮಡಿಗೆ ಹಚ್ಚುವ ಮುಲಾಮಿನ ಚೀಟಿಯೇ ಸಿಗುತ್ತಿತ್ತು. ಹೀಗಾಗಿ ಊರಿನಲ್ಲೇ ನುಣುಪಾದ ಕಾಲು ನನ್ನವು, ಅದರಿಂದ ಯಾರಿಗೇನು ಉಪಯೋಗ? ನಾನು ಹೇಳಹೊರಟಿದ್ದು ನಮ್ಮ ನೀಲಕ್ಕನ ಕತೆ. ನೀಲಕ್ಕ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಮನೆ ಒಂದೇ, ನಡುವೆ ಒಂದು ಗೋಡೆ, ಗೋಡೆಯಲ್ಲಿ ಎಂದೂ ಮುಚ್ಚದ ಒಂದು ಬಾಗಿಲು. ನಾನು ಈ ಮನೆಗೆ ಬರುವ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದಿದ್ದರು. ಆದರೂ ಉಗ್ರಾಣದ ಕೀಲಿಕೈ ಅವರ ತಲೆದಿಂಬಿನ ಕೆಳಗೇ ಇತ್ತು. ಹಿರಿಯ ಸೊಸೆ ಒಂದು ಚಮಚ ಎಣ್ಣೆ ಕೇಳಿದರೂ ಅವರದೊಂದೇ ಮಾತು, “ಮೊನ್ನಿ ಕೊಟ್ಟದ್ದೇನಾತು?” ನೀಲಕ್ಕ ಎದುರು ಮಾತಾಡಿದವಳಲ್ಲ. ಅತ್ತೆ ತೀರಿಕೊಂಡು ಅವರ ಕಾರ್ಯವೆಲ್ಲ ಮುಗಿದ ಮೊದಲ ಬುಧವಾರ ಮಾಳಿಗೆ ಹತ್ತಿದಳು. ಸೆರಗಿನ ಎರಡೂ ತುದಿ ಕೈಯಲ್ಲಿ ಹಿಡಿದು ನಿಂತಳು. ಇಳಿದು ಬಂದಾಗ ಸೆರಗಿನ ತುಂಬ ಚೀಟಿ.

ಊರಿನವರೆಲ್ಲ ಗಾಳಿಗೆ ಎದೆಯೊಡ್ಡಿ ನಿಲ್ಲುತ್ತಿದ್ದರು. ಗಂಡಸರು ಕೊಡೆ ತಲೆಕೆಳಗಾಗಿ ಹಿಡಿಯುತ್ತಿದ್ದರು, ಕೆಲವರು ಸೊಳ್ಳೆಪರದೆ ಕಟ್ಟುತ್ತಿದ್ದರು. ನೀಲಕ್ಕ ಮಾತ್ರ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. “ಇವಕ್ಕ ಆಸೆಬುರುಕರ ಮಾರಿ ಕಂಡ್ರ ಆಗೂದಿಲ್ಲ ಕಾಶೀ,” ಎಂದು ನನಗೆ ಗುಟ್ಟು ಹೇಳಿಕೊಟ್ಟಿದ್ದಳು. “ಸುಮ್ಮನ ಬೆನ್ನು ಹಾಕಿ ನಿಂತು, ನನಗೇನೂ ಬ್ಯಾಡ ಅನ್ಕೋ. ತಾವ ಬಂದು ಅಂಟ್ಕೋತಾವ.” ನಾನೂ ಹಾಗೆ ನಿಂತು ನೋಡಿದೆ. ಮುಲಾಮೇ ಬಂತು.

ಹಿಡಿಯುವುದು ಅರ್ಧ ವಿದ್ಯೆ. ಉಳಿದರ್ಧ ವಿದ್ಯೆ ಅಡಿವೆಪ್ಪ ಸಾವ್ಕಾರರ ಅಂಗಡಿಯಲ್ಲಿ ಕಾಣುತ್ತಿತ್ತು. ಆಗ ಊರಿನಲ್ಲಿ ಮೂರು ಕಿರಾಣಿ ಅಂಗಡಿಗಳಿದ್ದವು. ಅಡಿವೆಪ್ಪನವರದು ಎಲ್ಲಕ್ಕಿಂತ ಹಳೆಯದು. ಅವರು ದಪ್ಪ ಮೈಯ, ಸಣ್ಣ ದನಿಯ ಮನುಷ್ಯ, ಬಾಯಿ ತೆರೆದರೆ ಮಾತ್ರ ಮೊನಚು. ನೀಲಕ್ಕ ಅರ್ಧ ಬೆಲೆಯ ಚೀಟಿಯ ಮೇಲೆ ಎರಡಕ್ಕೆ ಎರಡು ಬಿಟ್ಟಿಯ ಚೀಟಿ ಇಟ್ಟು, ಅದರ ಮೇಲೆ ಹತ್ತು ರೂಪಾಯಿ ಕಡಿತದ ಚೀಟಿ ಇಟ್ಟು, ಮೆಲ್ಲಗೆ ಸರಿಸುವಳು.

“ಸಾವ್ಕಾರ್ರ, ಲೆಕ್ಕಾ ಹಾಕ್ರಿ. ನೀವ ನನಗ ಮೂರು ರೂಪಾಯಿ ಕೊಡಬೇಕಾಗ್ತೈತಿ.”

“ಅಲ್ರಿ ಅಕ್ಕಾರ, ಸೋಪು ನಂದು, ಚೀಲ ನಂದು, ಕಟ್ಟಿಕೊಡೂದೂ ನಾನ. ಮ್ಯಾಲ ರೊಕ್ಕಾನೂ ನಾನ ಕೊಡ್ಲ್ಯಾ?”

“ನನಗ್ಯಾಕ ಕೇಳ್ತೀರಿ? ಚೀಟಿ ಹೇಳ್ತೈತಿ.”

“ಚೀಟಿ ಪಾಪ ಮೂಕ ಐತ್ರಿ. ಮಾತಾಡಾಕ ಹಚ್ಚೂದು ನೀವು.”

ಈ ಜಗಳ ನೋಡಲೆಂದೇ ಜನ ಸೇರುತ್ತಿದ್ದರು. ಒಳಗಿನಿಂದ ಅಡಿವೆಪ್ಪನವರ ಹೆಂಡತಿ ಗೌರಮ್ಮ ಇಬ್ಬರಿಗೂ ಚಹಾ ತಂದಿಡುತ್ತಿದ್ದರು. ಅವರು ಕಪ್ಪು ಕೊಡುವಾಗ ಕೈಯ ಚಿನ್ನದ ಬಿಲ್ವಾರದ ಬಳೆಗಳು ಠಣ್ ಎನ್ನುತ್ತಿದ್ದವು. ಕೊನೆಗೆ ಸಾವ್ಕಾರರು ಮೂರು ರೂಪಾಯಿ ಎಣಿಸಿ ಹಲಗೆಯ ಮೇಲಿಡುತ್ತಿದ್ದರು. ನೀಲಕ್ಕ ಚೀಲ ಹೊತ್ತು ಬೀದಿಯಲ್ಲಿ ನಡೆದರೆ ಬಾಗಿಲು ಬಾಗಿಲಿನಿಂದ ಹೆಂಗಸರು ಕೂಗಿ ಕರೆದು ಏನು ಸಿಕ್ಕಿತೆಂದು ಕೇಳುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಅವಳ ಹೆಸರೇ ಗೊತ್ತಿರದಿದ್ದ ಊರು ಈಗ ಅವಳ ದಾರಿ ಕಾಯುತ್ತಿತ್ತು. ಅವಳ ನಡಿಗೆಯೇ ಬದಲಾಯಿತು.

ನೋಡನೋಡುತ್ತ ಊರೆಲ್ಲ ನೀಲಕ್ಕನ ಶಿಷ್ಯರಾದರು. ಅವಳು ಬೆನ್ನು ತಿರುಗಿಸಿ ನಿಲ್ಲುವ ಗುಟ್ಟು ಬಯಲಾದ ಮೇಲೆ ಬುಧವಾರ ಮಾಳಿಗೆ ಮಾಳಿಗೆಗಳಲ್ಲಿ ಜನ ಗುಡ್ಡಕ್ಕೆ ಬೆನ್ನು ಹಾಕಿ, ಏನೂ ಬೇಡದವರ ಹಾಗೆ ಮುಖ ಮಾಡಿಕೊಂಡು ನಿಲ್ಲತೊಡಗಿದರು. ಶಾಲೆಗೆ ಬುಧವಾರ ಮಧ್ಯಾಹ್ನ ರಜೆ ಕೊಟ್ಟರು, ಮಾಸ್ತರರಿಗೂ ಮಾಳಿಗೆ ಇತ್ತಲ್ಲ. ಯಾರ ಮನೆಯಲ್ಲೂ ಇವತ್ತು ಏನು ಅಡುಗೆ ಎಂದು ಕೇಳುವಂತಿರಲಿಲ್ಲ, ಚೀಟಿ ನೋಡಿ ಹೇಳಬೇಕು. ರವೆಯ ಚೀಟಿ ಜಾಸ್ತಿ ಬಂದ ತಿಂಗಳು ಊರಿಗೆ ಊರೇ ಉಪ್ಪಿಟ್ಟು ತಿಂದಿತು. ಅರಿಶಿನ ಕುಂಕುಮಕ್ಕೆ ಬಂದ ಮುತ್ತೈದೆಯರಿಗೆ ಖಣದ ಬದಲು ಶಾಂಪೂ ಕೊಟ್ಟು ಕಳಿಸಿದರು. ನಮ್ಮ ಮನೆಯಲ್ಲಂತೂ ಅಟ್ಟ ತುಂಬಿತು, ಪಡಸಾಲೆ ತುಂಬಿತು, ಆಮೇಲೆ ಗೋಡೆಯ ಆ ಬಾಗಿಲಿನಿಂದ ಪೇಸ್ಟಿನ ಡಬ್ಬಿಗಳು ನನ್ನ ಕಡೆಗೂ ಹರಿದು ಬಂದವು. ನಮ್ಮ ಭಾವ ಗುರುಸಿದ್ಧಪ್ಪ, ಅಂದರೆ ನೀಲಕ್ಕನ ಗಂಡ, ಸಾಧು ಮನುಷ್ಯ. ಸೋಪಿನ ರಟ್ಟಿನ ಪೆಟ್ಟಿಗೆಗಳ ನಡುವೆ ಒಂದು ಓಣಿ ಬಿಡಿಸಿಕೊಂಡು ಅಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು. “ಒಳ್ಳೆ ನಿದ್ದಿ ಬರ್ತೈತಿ ಕಾಶವ್ವ. ಮೈ ತೊಳಕೊಂಡು ಮಲಗಿದಂಗ ಆಗ್ತೈತಿ,” ಎನ್ನುತ್ತಿದ್ದರು.

ಅಂಗಡಿಗಳ ಪಾಡು ಬೇರೆಯೇ ಆಯಿತು. ಮೊದಲು ಕೈಚೆಲ್ಲಿದವರು ಬಸ್ ನಿಲ್ದಾಣದ ಹತ್ತಿರದ ಅಂಗಡಿಯವರು. ಒಂದು ದಿನ ಸಾಲಿನಲ್ಲಿ ನಿಂತ ಎಲ್ಲರ ಚೀಟಿಗೂ ಒಲ್ಲೆ, ಒಲ್ಲೆ, ಒಲ್ಲೆ ಎಂದು ಹಾಡಿನಂತೆ ಹೇಳಿದರು. ತಾವೇ ಶಟರ್ ಎಳೆದು, ನಗುನಗುತ್ತ ಮಗಳ ಊರಿಗೆ ಬಸ್ಸು ಹತ್ತಿದರು. ಎರಡನೆಯವರು ತಕ್ಕಡಿ ಮಾರಿ ಹೊಲಿಗೆಯಂತ್ರ ತಂದುಕೊಂಡರು, ಗಾಳಿ ಇನ್ನೂ ಹೊಲಿಗೆಗೆ ಚೀಟಿ ತಂದಿರಲಿಲ್ಲ. ಉಳಿದವರು ಅಡಿವೆಪ್ಪನವರೊಬ್ಬರೇ. ಮೂರು ಅಂಗಡಿಯ ಚೀಟಿಗಳೂ ಅವರ ಹಲಗೆಯ ಮೇಲೇ ಬೀಳತೊಡಗಿದವು.

ಒಂದು ಸೋಮವಾರ ನೀಲಕ್ಕ, ನಾನು ಇಬ್ಬರೂ ಅಂಗಡಿಗೆ ಹೋದೆವು. ನೀಲಕ್ಕ ಎಂದಿನಂತೆ ಚೀಟಿ ಜೋಡಿಸಿ ಸರಿಸಿದಳು, ಸಾವ್ಕಾರರ ಬಾಯಿಂದ ಏನು ಬರುತ್ತದೋ ಎಂದು ಕಾದಳು. ಅವರು ಜಗಳಕ್ಕೇ ಇಳಿಯಲಿಲ್ಲ. ಒಪ್ಪಿದೆ ಎಂದು ಸಾಮಾನು ಕಟ್ಟಿಕೊಟ್ಟರು. ಅವರ ಹಿಂದಿನ ಕಪಾಟುಗಳಲ್ಲಿ ಧೂಳಿನ ಗುರುತು ಮಾತ್ರ ಇತ್ತು. ಕಪಾಟಿನ ಕೆಳಗೆ ಹೊಸ ಗೋಣಿಚೀಲಗಳನ್ನು ಗೋಡೆಯುದ್ದಕ್ಕೂ ಪೇರಿಸಿದ್ದರು.

“ಏನ್ರಿ ಇವು?” ಎಂದಳು ನೀಲಕ್ಕ.

“ಹರಳುಪ್ಪು ಅಕ್ಕಾರ. ಇದ್ದದ್ದೆಲ್ಲಾ ಇದರ ಮ್ಯಾಲ ಹಾಕೇನಿ. ಇಷ್ಟು ವರ್ಷದಾಗ ಉಪ್ಪಿಗೆ ಒಂದ ಒಂದು ಚೀಟಿ ಬಂದಿಲ್ಲ ನೋಡ್ರಿ. ಅದಿಲ್ಲದ ಯಾರ ಮನಿ ಒಲೀನೂ ನಡಿಯೂದಿಲ್ಲ. ಇದೊಂದು ಕೈ ಹಿಡದ್ರ ಅಂಗಡಿ ಉಳಿತೈತಿ.”

ಗೌರಮ್ಮ ಚಹಾ ತಂದರು. ಕಪ್ಪು ಕೊಡುವಾಗ ಸದ್ದಾಗಲಿಲ್ಲ. ನೀಲಕ್ಕ ಅವರ ಕೈ ನೋಡಿದಳು. ಹಸಿರು ಗಾಜಿನ ಬಳೆ ಬಿಟ್ಟರೆ ಆ ಕೈ ಬರಿದಾಗಿತ್ತು. ಗೌರಮ್ಮ ಸೆರಗು ಎಳೆದು ಕೈ ಮುಚ್ಚಿಕೊಂಡರು.

ದಾರಿಯಲ್ಲಿ ಹೆಂಗಸರು ಬಾಗಿಲಿನಿಂದ ಕೂಗಿದರೂ ನೀಲಕ್ಕ ತಿರುಗಲಿಲ್ಲ. ಮನೆಗೆ ಬಂದು ಚೀಲ ಇಳಿಸಿ, ಇಡಲು ಜಾಗ ಸಿಗದೆ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಳು. “ಸಾವ್ಕಾರ್ರು ಇವತ್ತ ಜಗಳಾನ ಆಡ್ಲಿಲ್ಲಲ್ಲ ಕಾಶೀ,” ಎಂದಳು. ನಾನು ಮೈಯಲ್ಲಿ ಹುಷಾರಿರಲಿಕ್ಕಿಲ್ಲ ಎಂದೆ. “ಮೈಯಾಗಲ್ಲ,” ಎಂದಳು. ಆ ಹೊತ್ತಿನಲ್ಲಿ ಅವಳ ತಲೆಯಲ್ಲಿ ಏನು ನಡೆದಿತ್ತೋ ನನಗೆ ತಿಳಿಯಲಿಲ್ಲ. ಸೋಪಿನ ಗೋಡೆಗಳನ್ನೇ ನೋಡುತ್ತಿದ್ದಳು, ಯಾರದೋ ಮನೆಗೆ ಬಂದವಳ ಹಾಗೆ.

ಆ ಬುಧವಾರ ಅವಳು ಮಾಳಿಗೆ ಹತ್ತುವುದಿಲ್ಲ ಅಂದಳು. ನಾನೇ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಪಕ್ಕದ ಮಾಳಿಗೆಯಲ್ಲಿ ಹಾಲಿನ ತಿಪ್ಪವ್ವ ಕೊಡೆ ಹಿಡಿದು ಸಿದ್ಧವಾಗಿದ್ದಳು. ನೀಲಕ್ಕ ಸೆರಗು ಕೂಡ ಒಡ್ಡದೆ, ಗುಡ್ಡಕ್ಕೆ ಬೆನ್ನು ಮಾಡಿ, ಕೈಕಟ್ಟಿ ಮೆಟ್ಟಿಲ ಹತ್ತಿರ ನಿಂತಳು. ಈ ಸಲ ನಿಜವಾಗಿಯೂ ಅವಳಿಗೆ ಏನೂ ಬೇಡವಾಗಿತ್ತು. ಗಾಳಿ ಬಂತು. ಚೀಟಿಗಳು ಹಿಂಡುಹಿಂಡಾಗಿ ಊರ ಮೇಲೆ ಹರಡಿದವು. ಒಂದು ದೊಡ್ಡ ಚೀಟಿ, ಉಳಿದವಕ್ಕಿಂತ ನಾಲ್ಕು ಪಟ್ಟು ಇದ್ದೀತು, ತೇಲುತ್ತ ಬಂದು ನೀಲಕ್ಕನ ಬೆನ್ನಿಗೆ ಚಪ್ಪನೆ ಅಂಟಿತು.

ಪಕ್ಕದ ಮಾಳಿಗೆಯ ತಿಪ್ಪವ್ವನಿಗೆ ಅದು ನೆಟ್ಟಗೆ ಕಾಣುತ್ತಿತ್ತು. ಅಕ್ಷರ ಕೂಡಿಸಿ ಕೂಡಿಸಿ ಜೋರಾಗಿ ಓದಿದಳು, “ಉಪ್ಪು. ಬೇಕಾದಷ್ಟು. ಬಿಟ್ಟಿ.”

ಮಾಳಿಗೆಯಿಂದ ಮಾಳಿಗೆಗೆ ಸುದ್ದಿ ಹಾರಿತು. ಉಪ್ಪಂತೆ! ಬೇಕಾದಷ್ಟಂತೆ! ನೀಲಕ್ಕ ಬೆನ್ನಿನಿಂದ ಚೀಟಿ ಬಿಡಿಸಿಕೊಂಡು ಓದಿದಳು. ಕುಣಿಯುತ್ತಾಳೆ ಅಂದುಕೊಂಡೆ. ಅವಳ ತುಟಿ ಬಿಳಿಚಿಕೊಂಡಿತ್ತು. “ಬಿಟ್ಟ್ರ ಆ ತಿಪ್ಪವ್ವನ ಕೈಗೇ ಹೋಗ್ತೈತಿ, ಅಲ್ಲೇನ?” ಎಂದು ಪಿಸುಗುಟ್ಟಿದಳು. ಹೋಗುತ್ತಿತ್ತು. ತಿಪ್ಪವ್ವ ಕೊಡೆಯನ್ನು ನಮ್ಮ ಕಡೆಗೇ ಚಾಚಿ ನಿಂತಿದ್ದಳು. ನೀಲಕ್ಕ ಚೀಟಿಯನ್ನು ಮಡಿಸಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಕೆಳಗಿಳಿದಳು.

ಬೀದಿಗೆ ಬರುವಷ್ಟರಲ್ಲಿ ಜನ ಚೀಲ, ಕೊಡ, ಬುಟ್ಟಿ ಹಿಡಿದು ನೆರೆದಿದ್ದರು. ಯಾರೋ ಕೈಗಾಡಿ ತಂದಿದ್ದರು. ಬೇಕಾದಷ್ಟು ಎಂದ ಮೇಲೆ ಸಾವ್ಕಾರರ ಗೋಡೆಯುದ್ದದ ಚೀಲಗಳೆಲ್ಲ ನೀಲಕ್ಕನವೇ, ನೀಲಕ್ಕ ನಮ್ಮವಳೇ, ಅಂದಮೇಲೆ ಉಪ್ಪೂ ನಮ್ಮದೇ ಎಂಬುದು ಎಲ್ಲರ ಲೆಕ್ಕ. ಭಾವನವರು ಮಾತ್ರ ಹಿಂದಿನಿಂದ ಬಂದು ಮೆಲ್ಲಗೆ, “ಅಲ್ಲ ಮಾರಾಯ್ತಿ, ಇಡೂದೆಲ್ಲಿ?” ಎಂದರು. ನೀಲಕ್ಕ ಅಂಗಡಿಯ ಕಡೆ ಹೊರಟಳು. ಹಾದಿಯಲ್ಲಿ ನಾನು ಅವಳ ಕೈ ಹಿಡಿದಿದ್ದೆ. ಅದು ತಣ್ಣಗಿತ್ತು.

ಅಂಗಡಿಯಲ್ಲಿ ಅಡಿವೆಪ್ಪನವರು ಎದ್ದು ನಿಂತಿದ್ದರು. ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ನೀಲಕ್ಕ ಚೀಟಿಯನ್ನು ಹಲಗೆಯ ಮೇಲಿಟ್ಟಳು. ಸಾವ್ಕಾರರು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ಒಳಗಿನಿಂದ ಗೌರಮ್ಮನ ದನಿ ಬಂತು. “ಒಲ್ಲೆ ಅಂದಬಿಡ್ರಿ! ಶಟರ್ ಬಿದ್ರ ಬಿದ್ದು ಹೋಗ್ಲಿ. ಉಪ್ಪಾದ್ರೂ ಉಳಿತೈತಿ, ಬ್ಯಾರೆ ಊರಾಗ ಮಾರೂಣು.”

ಜನ ಗುಸುಗುಸು ಎಂದರು. ಸಾವ್ಕಾರರು ಶಟರಿನ ಕಡೆ ಒಮ್ಮೆ ತಲೆಯೆತ್ತಿ ನೋಡಿದರು. “ನಮ್ಮಪ್ಪ ಇಲ್ಲೇ ಕುಂತು ಯಾಪಾರ ಮಾಡ್ಯಾನ,” ಎಂದರು, ಹೆಂಡತಿಗೋ ತಮಗೋ. ಆಮೇಲೆ ನೀಲಕ್ಕನ ಕಡೆ ತಿರುಗಿದರು. “ಒಪ್ಪೇನಿ ಅಕ್ಕಾರ. ಹೇಳ್ರಿ, ಎಷ್ಟು ಬೇಕು?”

ಹಿಂದೆ ಕೈಗಾಡಿಯವನು ಗಾಡಿಯನ್ನು ಮುಂದಕ್ಕೆ ನೂಕಿದ. “ಎಲ್ಲಾ ಅನ್ನು ನೀಲಕ್ಕಾ, ಎಲ್ಲಾ ಅನ್ನು!” ಎಂದು ತಿಪ್ಪವ್ವ ಕೂಗಿದಳು.

ನೀಲಕ್ಕ ಬಾಯಿ ಬಿಚ್ಚಿದ ಒಂದು ಗೋಣಿಚೀಲದ ಹತ್ತಿರ ಹೋದಳು. ಬಗ್ಗಿ, ಮೂರು ಬೆರಳಲ್ಲಿ ಒಂದು ಚಿಟಿಕೆ ಉಪ್ಪು ತೆಗೆದುಕೊಂಡಳು. ಅದನ್ನು ಸಾವ್ಕಾರರ ಕಣ್ಣಿಗೆ ಕಾಣುವಂತೆ ಎತ್ತಿ ಹಿಡಿದಳು.

“ಇಷ್ಟು,” ಎಂದಳು. “ಮನ್ಯಾಗ ಸಾರು ಸಪ್ಪಗಾಗೇತಿ ಸಾವ್ಕಾರ್ರ. ನನಗ ಬೇಕಾದದ್ದು ಇಷ್ಟ.”

ಹಲಗೆಯ ಮೇಲಿನ ಚೀಟಿ ಬಿಳಿಯಾಯಿತು. ಅಕ್ಷರ ಒಂದೂ ಉಳಿಯದೆ ಅಳಿಸಿಹೋಯಿತು. ಸಾವ್ಕಾರರು ಆ ಕಾಗದವನ್ನು ಎತ್ತಿ ಹಿಂದೆ ಮುಂದೆ ತಿರುವಿ ನೋಡಿದರು. ಗೌರಮ್ಮ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಿದ್ದರು.

ಮೊದಲು ಬಾಯಿ ಬಿಟ್ಟವರು ಹೊರಗೆ ನೆರೆದವರು. ಎಂಥ ಹುಚ್ಚಿ, ಎಂಥ ಚೀಟಿ ಹಾಳು ಮಾಡಿದಳು, ಇಂಥದ್ದು ಇನ್ನೊಂದು ಜನ್ಮದಲ್ಲಿ ಬಂದೀತೇ ಎಂದು ಒಬ್ಬೊಬ್ಬರು ಒಂದೊಂದು ಅಂದರು. “ನಿನಗ ಬ್ಯಾಡಾಗಿದ್ರ ನನಗರ ಕೊಡಬಾರ್ದೇನ!” ಎಂದು ತಿಪ್ಪವ್ವ ಕೊಡೆ ಕುಟ್ಟಿದಳು. ನೀಲಕ್ಕ ಆ ಮೂರು ಬೆರಳು ಹಾಗೇ ಹಿಡಿದುಕೊಂಡು ಮನೆಯ ಕಡೆ ಹೊರಟಳು. ಗಾಳಿ ಇನ್ನೂ ಪೂರ್ತಿ ನಿಂತಿರಲಿಲ್ಲ. ಇನ್ನೊಂದು ಕೈಯಿಂದ ಮರೆ ಮಾಡಿಕೊಂಡು, ದೀಪ ಒಯ್ಯುವವಳ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ ಬೀದಿಯುದ್ದಕ್ಕೂ ನಡೆದಳು. ಬೈಯುತ್ತ ಹಿಂದೆ ಬರುತ್ತಿದ್ದವರು ಅವಳ ಆ ನಡಿಗೆ ನೋಡಿ ನಗತೊಡಗಿದರು, ನಕ್ಕ ಮೇಲೆ ಬೈಯುವುದಕ್ಕೆ ಬಲ ಉಳಿಯಲಿಲ್ಲ. ಮನೆಗೆ ಬಂದು ಚಿಟಿಕೆಯನ್ನು ಸಾರಿನ ಪಾತ್ರೆಗೆ ಹಾಕಿ, ಬೆರಳು ಕೊಡವಿ, ಒಲೆಯ ಮುಂದೆ ಕೂತುಬಿಟ್ಟಳು. ನಾನು ನೀರು ಕೊಟ್ಟೆ.

ಆ ದಿನ ಸಂಜೆ ಮನೆಯಲ್ಲಿ ಉಪ್ಪಿಲ್ಲದ್ದು ನೆನಪಾಗಿ ತಿಪ್ಪವ್ವನೇ ಮೊದಲು ಅಂಗಡಿಗೆ ಹೋಗಿ, ಪೂರ್ತಿ ಬೆಲೆ ಕೊಟ್ಟು, ಗೊಣಗುತ್ತ ಕೊಂಡು ತಂದಳು. ಅವಳ ಹಿಂದೆ ಉಳಿದವರೂ ಹೋದರು. ಊರು ಅಷ್ಟಕ್ಕೇ ಬದಲಾಯಿತೆಂದು ನಾನು ಹೇಳುವುದಿಲ್ಲ. ಬುಧವಾರದ ಮಾಳಿಗೆಗಳು ಈಗಲೂ ತುಂಬುತ್ತವೆ, ಮಾಸ್ತರರು ಈಗಲೂ ಶಾಲೆ ಬೇಗ ಬಿಡುತ್ತಾರೆ. ಆದರೆ ಸಾಲು ಸ್ವಲ್ಪ ಸಣ್ಣದಾಯಿತು. ಮನೆಯಲ್ಲಿ ತುಂಬಿಟ್ಟದ್ದು ಮುಗಿಯಲಿ ಎಂದು ಕೆಲವರು ಚೀಟಿಗಳನ್ನು ಹಿಡಿಯದೆ ಹಾರಲು ಬಿಟ್ಟರು, ಹೊಲದ ಕಡೆ ಹೋಗಿ ಬಿದ್ದವನ್ನು ಯಾರೂ ಹುಡುಕಲಿಲ್ಲ. ಸಾವ್ಕಾರರ ಕಪಾಟಿಗೆ ಒಂದೊಂದೇ ಡಬ್ಬಿ ಮರಳಿ ಬಂತು. ನೀಲಕ್ಕ ಸೋಪು ಪೇಸ್ಟುಗಳನ್ನು ಬಂದವರಿಗೆಲ್ಲ ಹಂಚಿದಳು. ಪಡಸಾಲೆಯ ನೆಲ ಕಂಡ ದಿನ ಭಾವನವರು ಹಾಸಿಗೆ ಎಲ್ಲಿ ಹಾಸಬೇಕೆಂದು ತಿಳಿಯದೆ ಬಹಳ ಹೊತ್ತು ನಿಂತೇ ಇದ್ದರು.

ಇದಾದ ಕೆಲವು ವಾರಕ್ಕೆ ನೀಲಕ್ಕ ಮೊದಲ ಬಾರಿ ಬರಿಗೈಯಲ್ಲಿ ಅಂಗಡಿಗೆ ಹೋದಳು. ನಾನೂ ಜೊತೆಗಿದ್ದೆ. ಅಡಿವೆಪ್ಪನವರು ಅವಳ ಕೈ ನೋಡಿದರು, ಸೊಂಟದ ಚೀಲ ನೋಡಿದರು. ಚೀಟಿ ಎಲ್ಲೂ ಕಾಣಲಿಲ್ಲ. “ಏನ್ ಕೊಡ್ಲ್ರಿ ಅಕ್ಕಾರ?” ಎಂದರು.

ನೀಲಕ್ಕ ಕಪಾಟಿನ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ಹಿಂದೆ ನಿಂತವರು ಕೆಮ್ಮಿದರು. ಏನು ಬೇಕು ಎಂದು ಅತ್ತೆ ಕೇಳಿದ್ದಿಲ್ಲ, ಚೀಟಿಗಳೂ ಕೇಳಿದ್ದಿಲ್ಲ. ಸಾವ್ಕಾರರು ಅವಸರ ಮಾಡಲಿಲ್ಲ. ತಕ್ಕಡಿಯ ತಟ್ಟೆಯನ್ನು ಒರೆಸುತ್ತ ಕಾದರು.

“ಗಸಗಸಿ,” ಎಂದಳು ಕೊನೆಗೆ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಆಮೇಲೆ ಸ್ವಲ್ಪ ಗಟ್ಟಿಯಾಗಿ, “ಒಂದು ನೂರು ಗ್ರಾಮ್ ಗಸಗಸಿ ಕೊಡ್ರಿ. ಒಂದು ಬೆಲ್ಲದ ಅಚ್ಚು, ಸಣ್ಣದು.”

ಮಧ್ಯಾಹ್ನ ಗಸಗಸೆ ಹುರಿದ ವಾಸನೆ ಗೋಡೆಯ ಬಾಗಿಲಿನಿಂದ ನನ್ನ ಅಡುಗೆಮನೆಗೆ ಬಂತು. ಹಿಂದೆಯೇ ನೀಲಕ್ಕ ಎರಡು ಬಟ್ಟಲು ಹಿಡಿದು ಬಂದಳು. ನಾವಿಬ್ಬರೂ ಹೊಸ್ತಿಲ ಮೇಲೆ ಕೂತು ಪಾಯಸ ಕುಡಿದೆವು.

“ಹೆಂಗಾಗೇತಿ?” ಎಂದಳು.

“ಸಿಹಿ ಒಂಚೂರು ಕಮ್ಮಿ ಆತು ನೋಡಕ್ಕಾ,” ಎಂದೆ.

ನೀಲಕ್ಕ ಬಟ್ಟಲಿನ ತಳ ಬೆರಳಲ್ಲಿ ಸವರಿ ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ರುಚಿ ನೋಡಿದಳು.

“ಇಲ್ಲವಾ,” ಎಂದಳು. “ನನಗ ಇಷ್ಟ ಸಿಹಿ ಸೇರ್ತೈತಿ.”